ಸೂಪರ್‌ವೈಸರಿಗೆ ಕಲಿಸಿದ್ದು

ಭದ್ರಾವತಿಯ ನಮ್ಮ ವರ್ಕ್‌ಶಾಪಿಗೆ ಕಬ್ಬಿಣ ಕಡೆಯುವ ಕಂಪ್ಯೂಟರ್ ಲೇಥ್ ಬಂದಾಗ ಸೂಪರ್‌ವೈಸರ್ ನನ್ನನ್ನು ಅದರ ಹತ್ತಿರವೂ ಬಿಡಲಿಲ್ಲ. “ನಿಮ್ದು ಕೈ ಲೇಥಿನ ಕಾಲ ಮಾರಾಯ್ರೆ, ಇದೆಲ್ಲ ತಲೆಗೆ ಹತ್ತಲ್ಲ,” ಎಂದು ಎಲ್ಲರೆದುರು ನಕ್ಕ. ಮೈಯೆಲ್ಲ ಉರಿದುಹೋಯಿತು. ವರ್ಷವಿಡೀ ಭಾನುವಾರ ಬಸ್ಸು ಹತ್ತಿ ಶಿವಮೊಗ್ಗದ ಆಲ್ಕೊಳದ ತರಬೇತಿ ಕೇಂದ್ರಕ್ಕೆ ಹೋಗಿ, ಮಗಳ ವಯಸ್ಸಿನವರ ಪಕ್ಕ ಕೂತು ಆ ಯಂತ್ರಕ್ಕೆ ಪ್ರೋಗ್ರಾಮ್ ಬರೆಯುವುದನ್ನು ಕಲಿತೆ.

ಒಂದು ದಿನ ಲೇಥ್ ನಿಂತುಹೋಯಿತು. ಸೂಪರ್‌ವೈಸರ್ ಗಂಟೆಗಟ್ಟಲೆ ಒದ್ದಾಡಿದರೂ ಅದು ಓಡಲಿಲ್ಲ. ನಾನು ಮಾಲೀಕರೆದುರೇ ಪ್ರೋಗ್ರಾಮಿನ ತಪ್ಪು ಹುಡುಕಿ, ತಿದ್ದಿ, ಓಡಿಸಿ ತೋರಿಸಿದೆ.

“ಇನ್ಮೇಲೆ ಇವ್ರಿಗೂ ನೀವೇ ಹೇಳ್ಕೊಡಿ,” ಎಂದರು ಮಾಲೀಕರು.

ಹೇಳಿಕೊಟ್ಟೆ. ಅವನು ಮಾಡಿದ ಒಂದೊಂದು ತಪ್ಪನ್ನೂ ಇಡೀ ವರ್ಕ್‌ಶಾಪಿಗೆ ಕೇಳುವಂತೆ ಜೋರಾಗಿ ಓದಿದೆ. ಮನೆಯಲ್ಲಿ ಇದನ್ನು ಹೇಳಿದಾಗ ಹೆಂಡತಿ, “ಸಾಕು ಬಿಡ್ರಿ, ಪಾಪ,” ಎಂದಳು.

ನನಗೆ ಇನ್ನೂ ಸಾಕಾಗಿರಲಿಲ್ಲ.