ಅಂಚು ತಾನಾಗಿ ಏಳುವವರೆಗೆ

ಬೆಳಿಗ್ಗೆ ಗಂಡ ಗುರುವ ಕಾರು ಹೊರಗೆ ತೆಗೆಯುವಷ್ಟರಲ್ಲಿ ಮೋಹಿನಿ ಕೈಯ ಗಾಜಿನ ಬಳೆಗಳನ್ನು ಕಳಚಿ ಕೃಷ್ಣನ ಪಟದ ಮುಂದೆ ಇಡುತ್ತಿದ್ದಳು. ಆಮೇಲೆ ಕಿಟಕಿಯ ಬೆಳಕಿಗೆ ಬೆರಳು ಚಾಚಿ ಉಗುರು ನೋಡಿಕೊಳ್ಳುವುದು. ಅಕ್ಕಿಕಾಳಿನಷ್ಟು ಬೆಳೆದಿದ್ದರೂ ಕತ್ತರಿಸುವುದು. ಕೊಲ್ಲಿ ದೇಶದ ದಾರ್ಸೈಟಿನ ಆ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಇದು ಕೆಲಸಕ್ಕೆ ಹೊರಟ ಒಂದು ದಿನವೂ ತಪ್ಪಿರಲಿಲ್ಲ. ಮುತ್ತೈದೆ ಬರಿಗೈಯಲ್ಲಿ ಹೊರಡುವುದೇ ಎಂದು ಪಕ್ಕದ ಮನೆಯವರು ಮೂಗು ಮುರಿದರೆ, "ಬಳೆ ದೇವರ ಹತ್ತಿರ ಉಂಟಲ್ಲ, ನನ್ನ ಹತ್ತಿರ ಇರುವುದಕ್ಕಿಂತ ಜೋಪಾನ," ಎನ್ನುತ್ತಿದ್ದಳು. ಗಾಯ ಮುಟ್ಟುವ ಕೈಗೆ ಬಳೆ ಬೇಡ. ಅದು ಅವಳ ಹಟ.

ವಾದಿ ಅದಾಯ್ ಬಡಾವಣೆಯ ವರ್ಕ್‌ಶಾಪುಗಳ ನಡುವೆ ಒಂದು ಚಿಕ್ಕ ಕ್ಲಿನಿಕ್. ಅಲ್ಲಿ ಅವಳು ಡ್ರೆಸಿಂಗ್ ನರ್ಸ್. ಸುಟ್ಟ ಕೈ, ತಗಡು ಕೊಯ್ದ ಕಾಲು, ದಿನಾ ಬರುವುದು ಅಂಥವೇ. ಗಾಯಕ್ಕೆ ಅಂಟಿದ ಪಟ್ಟಿಯನ್ನು ಒಣಗಿದ್ದಂತೆಯೇ ಎಳೆಯಲು ಅವಳು ಯಾರಿಗೂ ಬಿಟ್ಟವಳಲ್ಲ.

೨೦೦೫ರ ಈದ್ ರಜೆ ಮುಗಿದ ಮೊದಲ ಬೆಳಿಗ್ಗೆ ಭೀಮಪ್ಪ ಬಂದು ಸ್ಟೂಲಿನ ಮೇಲೆ ಕೂತ. ವಿಜಾಪುರದ ಕಡೆಯವನು, ಲಾರಿ ವರ್ಕ್‌ಶಾಪಿನ ಫೋರ್‌ಮನ್. ತಿಂಗಳ ಹಿಂದೆ ರೇಡಿಯೇಟರಿನ ಆವಿ ಬಡಿದು ಅವನ ಬಲ ಮುಂಗೈ ಬೆಂದಿತ್ತು. ಮೋಹಿನಿ ಜ್ವರದಲ್ಲಿ ಮಲಗಿದ್ದ ಎರಡು ದಿನದಲ್ಲಿ ಬದಲಿಗೆ ಬಂದವರು ಪಟ್ಟಿಯನ್ನು ಒಂದೇ ಸಲಕ್ಕೆ ಕಿತ್ತಿದ್ದರು. ಆಗಷ್ಟೇ ಬಂದಿದ್ದ ಹೊಸ ಚರ್ಮವೂ ಅದರ ಜೊತೆಗೇ ಹೋಗಿತ್ತು. ಗಾಯ ಮತ್ತೆ ಮೊದಲಿನಿಂದ ಮಾಯಬೇಕಾಯಿತು.

ಈ ಸಲ ಬಿಚ್ಚಿ ನೋಡಿದರೆ ಒಳಗೆ ಜಾಲರಿಯಂಥ ಗಾಜ್ ಬಟ್ಟೆಯೇ ಇಲ್ಲ, ಹತ್ತಿ! ಒಣಗಿ, ಕಂದಿ, ಚರ್ಮಕ್ಕೆ ಕಚ್ಚಿಕೊಂಡ ಹತ್ತಿ.

"ಇದು ಎಲ್ಲಿಯದು ಭೀಮಪ್ಪ?"

"ಸ್ನಾನದಾಗ ಪಟ್ಟಿ ಬಿಚ್ಚಿ ಬಂತ್ರಿ ಅಕ್ಕಾರ. ದವಾಖಾನಿ ಬಂದ್ ಇತ್ತು. ರೂಮಿನ್ಯಾಗ ದೀಪದ ಬತ್ತಿಗೆ ಅಂತ ಊರಿಂದ ತಂದ ಹತ್ತಿ ಇತ್ತಲ್ರಿ, ನನ್ನ ಜೋಡಿ ಇರೋ ಬಸವಂತ ಅದನ್ನ ಇಟ್ಟು ಕಟ್ಟಿದ. ದೇವರ ಹತ್ತಿ, ಮಡೀದು, ಏನೂ ಆಗೂದಿಲ್ಲ ಅಂದ."

"ದೇವರ ಹತ್ತಿ ದೇವರಿಗೆ. ಎಳೆಯೆಳೆಯೂ ಗಾಯದೊಳಗೆ ಕೂತಿದೆ ನೋಡಿ."

ಭೀಮಪ್ಪ ತಲೆ ತಗ್ಗಿಸಿದ. "ಶನಿವಾರ ಕೆಲಸಕ್ಕ ಬರಲಿಲ್ಲ ಅಂದ್ರ ವೀಸಾ ಕ್ಯಾನ್ಸಲ್ ಅಂದಾನ್ರಿ ಮ್ಯಾನೇಜರ. ಎಳದ್ ಬಿಡ್ರಿ ಅಕ್ಕಾರ, ಹಲ್ಲು ಕಚ್ಚಿ ತಡಕೋತೀನಿ."

"ನೀವು ಹಲ್ಲು ಕಚ್ಚಿದರೆ ಚರ್ಮ ಉಳಿಯುತ್ತದಾ? ಇನ್ನೊಮ್ಮೆ ಕಿತ್ತು ಬಂದರೆ ಮತ್ತೆ ಮೂರು ವಾರ. ಆಮೇಲೆ ಊರಿಗೇ ಟಿಕೆಟ್. ಸುಮ್ಮನೆ ಕೂತ್ಕೊಳ್ಳಿ."

ಅಷ್ಟರಲ್ಲಿ ಕ್ಲಿನಿಕ್ಕಿನ ಮ್ಯಾನೇಜರ್ ಸುಕೇಶ್ ಬಾಗಿಲಲ್ಲಿ ತಲೆ ಹಾಕಿದ. "ಮೋಹಿನಿಯಕ್ಕ, ಹೊರಗೆ ಹನ್ನೊಂದು ಜನ ಕೂತಿದ್ದಾರೆ. ಒಂದು ಎಳೆತ, ಖಲಾಸ್ ಮಾಡಿ."

"ನಿನ್ನ ಮೀಸೆಗೆ ಪ್ಲಾಸ್ಟರ್ ಹಚ್ಚಿ ಒಂದು ಎಳೆತ ಎಳೆಯಲಾ ಮಾರಾಯ? ಹೇಗಿರ್ತದೆ ನೋಡುವ."

ಭೀಮಪ್ಪನಿಗೆ ಆ ನೋವಲ್ಲೂ ನಗು ಬಂತು. ಸುಕೇಶನಿಗೆ ಬರಲಿಲ್ಲ. ಮೋಹಿನಿ ಎದ್ದು ಅವನ ಮುಖದೆದುರೇ ಬಾಗಿಲು ಮುಚ್ಚಿ ಚಿಲಕ ಹಾಕಿದಳು.

ಸಲೈನ್ ಬಾಟಲಿಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಬೆಚ್ಚಗೆ ಮಾಡಿದಳು. ಅದರಲ್ಲಿ ಗಾಜ್ ಬಟ್ಟೆ ನೆನೆಸಿ ಒಣಗಿದ ಹತ್ತಿಯ ಮೇಲೆ ಹೊದಿಸಿದಳು. ಇನ್ನು ಕಾಯುವುದು. ಇದನ್ನು ಅವಳು ನರ್ಸಿಂಗಿಗೂ ಮೊದಲು ಅಡುಗೆಮನೆಯಲ್ಲೇ ಕಲಿತಿದ್ದಳು. ಕಾವಲಿಗೆ ಕಚ್ಚಿದ ದೋಸೆಯನ್ನು ಕೆರೆದರೆ ಹರಿಯುತ್ತದೆ. ನೀರು ಚಿಮುಕಿಸಿ ಮುಚ್ಚಿಟ್ಟರೆ ಅಂಚು ತಾನಾಗಿ ಏಳುತ್ತದೆ. ಗಡಿಯಾರ ನೋಡಲಿಲ್ಲ. ಅಮ್ಮ ಕಲಿಸಿದ ಭಜನೆಗಳನ್ನು ಮನಸ್ಸಿನಲ್ಲೇ ಹೇಳಿಕೊಂಡಳು. ಐದು ಮುಗಿದರೆ ಹದಿನೈದು ನಿಮಿಷ. ಅದು ಅವಳ ಲೆಕ್ಕ. ನಡುನಡುವೆ ಬಟ್ಟೆ ಆರದಂತೆ ಸಲೈನ್ ಹನಿಸುತ್ತಿದ್ದಳು.

ಮೊದಲು ಎದ್ದದ್ದು ಹೆಬ್ಬೆರಳ ಕಡೆಯ ಅಂಚು. ಎಡಗೈ ಬೆರಳಿನಿಂದ ಪಕ್ಕದ ಚರ್ಮವನ್ನು ಒತ್ತಿ ಹಿಡಿದು, ಹತ್ತಿಯನ್ನು ಮೇಲಕ್ಕೆತ್ತದೆ ಚರ್ಮಕ್ಕೆ ತಾಗಿದಂತೆಯೇ ಹಿಂದಕ್ಕೆ ಮಡಚುತ್ತ ಬಂದಳು. ನಡುವಿನಲ್ಲಿ ಸಾಸಿವೆಯಷ್ಟು ರಕ್ತ ಕಂಡಿತು. ಕೈ ಅಲ್ಲೇ ನಿಂತಿತು. ಮತ್ತೆ ಸಲೈನ್, ಮತ್ತೆ ಐದು ಭಜನೆ.

ಸುಕೇಶ್ ಬಾಗಿಲು ಬಡಿದ. "ಆಯ್ತಾ ಅಕ್ಕ?"

"ಇಲ್ಲ."

ಇನ್ನೊಮ್ಮೆ ಬಡಿದ. "ಇನ್ನೆಷ್ಟು ಹೊತ್ತು?"

"ಅವನ ಚರ್ಮವನ್ನೇ ಕೇಳು ಬಾ."

ಮೂರನೆಯ ಸಲ ಬಡಿದಾಗ ಅವಳು ಸಲೈನ್ ಹನಿಸುತ್ತಿದ್ದಳು.

ಹತ್ತಿ ಪೂರ್ತಿ ಬಿಟ್ಟುಕೊಂಡಾಗ ಕೆಳಗೆ ಎಳೆಮಗುವಿನ ಅಂಗಾಲಿನಂಥ ಗುಲಾಬಿ ಚರ್ಮ. ಹರಿದಿರಲಿಲ್ಲ. ಎರಡು ಎಳೆ ಮಾತ್ರ ಒಳಗೆ ಗಟ್ಟಿಯಾಗಿ ಕೂತಿದ್ದವು. ಅವಳು ಎಳೆಯದೆ, ಮೇಲೆ ನಿಂತಷ್ಟನ್ನೇ ಕತ್ತರಿಸಿ ಡಾಕ್ಟರನ್ನು ಕರೆದಳು. ಅವರು ಬಗ್ಗಿ ನೋಡಿ, ನಾಳೆ ಇನ್ನೊಮ್ಮೆ ನೆನೆಸಿ ತೆಗೆಯಿರಿ ಎಂದರು. ಶನಿವಾರದಿಂದ ಹಗುರ ಕೆಲಸ ಮಾಡಬಹುದು ಎಂದು ಚೀಟಿ ಬರೆದರು. ಇನ್ನು ಅಂಟದಂತೆ ವ್ಯಾಸಲಿನ್ ಬಟ್ಟೆ ಇಟ್ಟು ಮೋಹಿನಿ ಪಟ್ಟಿ ಸುತ್ತಿದಳು. ಭೀಮಪ್ಪ ಚೀಟಿಯನ್ನು ಎಡಗೈಯಲ್ಲಿ ಹಿಡಿದು ಹಣೆಗೊತ್ತಿಕೊಂಡ.

ಮಧ್ಯಾಹ್ನ ಕ್ಲಿನಿಕ್ ಮುಚ್ಚುವ ಹೊತ್ತಿಗೆ ಸುಕೇಶ್ ಚಹಾ ತಂದು ಅವಳ ಮುಂದಿಟ್ಟ. ಸ್ವರ ಮೆತ್ತಗಾಗಿತ್ತು.

"ಅಕ್ಕ, ನಿಮ್ಮ ಮೊಣಕಾಲು ನೋವು ನನಗೆ ಗೊತ್ತುಂಟು. ರಿಸೆಪ್ಶನ್‌ನಲ್ಲಿ ಕೂತ್ಕೊಳ್ಳಿ. ಸಂಬಳ ಈಗಿನಷ್ಟೇ, ಸಂಜೆ ಡ್ಯೂಟಿ ಇಲ್ಲ. ದಿನಾ ಮಂದಿರದ ಆರತಿಗೆ ಹೋಗಬಹುದು. ನಿಮಗೋಸ್ಕರ ನಾನೇ ಮಾತಾಡಿದ್ದು."

ಮೋಹಿನಿ ಚಹಾ ಲೋಟ ಕೈಗೆತ್ತಿಕೊಂಡಳು. ಕೃಷ್ಣ ಮಂದಿರ ಮನೆಯಿಂದ ಕೂಗಳತೆಯಲ್ಲಿತ್ತು. ಹದಿನಾಲ್ಕು ವರ್ಷದಲ್ಲಿ ಸಂಜೆಯ ಆರತಿ ಅವಳಿಗೆ ಸಿಕ್ಕಿದ್ದು ರಜೆಯ ಶುಕ್ರವಾರಗಳಲ್ಲಿ ಮಾತ್ರ. ಕಣ್ಣ ಮುಂದೆ ಗಂಟೆ, ದೀಪ, ತುಳಸಿಯ ವಾಸನೆ ಎಲ್ಲ ಒಂದು ಸಲ ಹಾದುಹೋಯಿತು.

"ಡ್ರೆಸಿಂಗ್ ಯಾರು ಮಾಡುವುದು?"

"ಹೊಸ ಹುಡುಗಿ ಬರ್ತಾಳೆ. ತುಂಬ ಫಾಸ್ಟ್ ಅಂತೆ."

ಅವಳು ಲೋಟ ಕೆಳಗಿಟ್ಟಳು.

"ಅಷ್ಟು ಫಾಸ್ಟ್ ಇದ್ದರೆ ರಿಸೆಪ್ಶನ್‌ನಲ್ಲಿ ಅವಳನ್ನೇ ಕೂರಿಸು. ನನಗೆ ಬೇಡ ಸುಕೇಶ. ಶುಕ್ರವಾರದ ಆರತಿ ಸಾಕು." ಎದ್ದು ಹೊರಟವಳು ಬಾಗಿಲಲ್ಲಿ ನಿಂತಳು. "ನಾಳೆ ಹತ್ತಕ್ಕೆ ಭೀಮಪ್ಪ ಬರ್ತಾನೆ, ಎರಡು ಎಳೆ ಬಾಕಿ ಉಂಟು. ಸಲೈನ್ ಇನ್ನಷ್ಟು ತರಿಸಿಡು."