ಜೋಗುಳದ ಟ್ರ್ಯಾಕ್

ನಮ್ಮ ಭಾವನಿಗೆ ಫೋನೆಂದರೆ ಮಾತಾಡುವುದಕ್ಕಲ್ಲ, ಅದು ಅವರ ಸ್ಟುಡಿಯೋ. ಆಗ ಅವರ ಹತ್ತಿರ ಇದ್ದದ್ದು ಮೂಲೆ ಒಡೆದ, ಅಂಗೈಯಗಲದ ಒಂದು ಫೋನು. ಅದರ ಮೆಮೊರಿಯಲ್ಲಿ ಅರ್ಧ ಜಾಗವನ್ನು ಫೋನೇ ನುಂಗಿಕೊಂಡಿತ್ತು. ಉಳಿದರ್ಧದಲ್ಲಿ ಒಂದು ಮ್ಯೂಸಿಕ್ ಆ್ಯಪ್ ಹಾಕಿಕೊಂಡು ಅವರು ಹಾಡು ಕಟ್ಟುತ್ತಿದ್ದರು. ವಾರವೆಲ್ಲ ಯಶವಂತಪುರದ ಕಡೆ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ, ಹಬ್ಬ ಬಂತೆಂದರೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್. ಅದೇ ಆರ್ಕೆಸ್ಟ್ರಾದಲ್ಲಿ ನನ್ನ ಅಕ್ಕ ಹಾಡುತ್ತಿದ್ದಳು. ಗೊರಗುಂಟೆಪಾಳ್ಯದ ಒಂದು ಗಣೇಶನ ಪೆಂಡಾಲಿನ ಹಿಂದೆ ಇಬ್ಬರೂ ಪುಳಿಯೋಗರೆ ತಿನ್ನುತ್ತ ಮಾತು ಶುರು ಮಾಡಿದವರು, ಮುಂದಿನ ವರ್ಷದ ಗಣೇಶನ ಹೊತ್ತಿಗೆ ಗಂಡ ಹೆಂಡತಿಯಾಗಿದ್ದರು.

ಆರ್ಕೆಸ್ಟ್ರಾದವರ ಬಾಯಲ್ಲಿ ‘ಟ್ರ್ಯಾಕ್’ ಎಂದರೆ ಹಾಡಿನಲ್ಲಿ ದನಿಯೊಂದನ್ನು ಬಿಟ್ಟು ಉಳಿದದ್ದೆಲ್ಲ. ಕೊಳಲು, ತಬಲಾ, ಪಿಟೀಲು ನುಡಿಸುವವರನ್ನೆಲ್ಲ ಕರೆಸಲು ಆಗದ ಕಡೆ ಅವೆಲ್ಲ ಪೆನ್‌ಡ್ರೈವ್‌ನಿಂದ ಬರುತ್ತವೆ, ಹಾಡುವವರು ಮಾತ್ರ ವೇದಿಕೆಯ ಮೇಲೆ ನಿಂತು ಹಾಡುತ್ತಾರೆ. ಭಾವ ಫೋನಿನಲ್ಲಿ ಕಟ್ಟುತ್ತಿದ್ದದ್ದು ಇಂಥ ಟ್ರ್ಯಾಕುಗಳನ್ನೇ. ಪರದೆಯ ಮೇಲೆ ಒಂದೊಂದು ವಾದ್ಯಕ್ಕೆ ಒಂದೊಂದು ಪಟ್ಟಿ, ಎಲ್ಲಕ್ಕಿಂತ ಕೆಳಗಿನ ಪಟ್ಟಿ ಅಕ್ಕನ ದನಿ. ಎಲ್ಲಿ ಎತ್ತುತ್ತಾಳೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂದು ನೋಡಿ ಅದರ ಸುತ್ತ ಸಂಗೀತ ಕೂರಿಸುತ್ತಿದ್ದರು. ಮುಗಿದ ಮೇಲೆ ಆ ಕೆಳಗಿನ ಪಟ್ಟಿಯ ಪಕ್ಕದ ಎಮ್ ಅಕ್ಷರ ಒತ್ತಿದರೆ ಅವಳ ದನಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಆಮೇಲೆ ಎಕ್ಸ್‌ಪೋರ್ಟ್, ಆಮೇಲೆ ಪೆನ್‌ಡ್ರೈವ್, ಕೊನೆಗೆ ಫೋನಿನಲ್ಲಿದ್ದ ಇಡೀ ಪ್ರಾಜೆಕ್ಟ್ ಡಿಲೀಟ್. ಹಾಗೆ ಅಳಿಸದಿದ್ದರೆ ಮುಂದಿನ ಹಾಡಿಗೆ ಜಾಗವಿರುತ್ತಿರಲಿಲ್ಲ.

“ಇಷ್ಟು ಕಷ್ಟಪಟ್ಟು ಮಾಡಿ ಅಳ್ಸಿಬಿಡ್ತೀರಲ್ಲ ಭಾವ,” ಎಂದು ನಾನು ಒಮ್ಮೆ ಕೇಳಿದ್ದೆ.

“ಅಡುಗೆ ಆದ್ಮೇಲೆ ಸಿಪ್ಪೆ ಇಟ್ಕೊಂಡು ಕೂತ್ಕೋತಾರೇನಮ್ಮ?” ಎಂದಿದ್ದರು. ಅಕ್ಕ ಅಡುಗೆಮನೆಯಿಂದಲೇ, “ನನ್ನ ದನಿ ಸಿಪ್ಪೆ ಅಂತೆ, ಕೇಳ್ದೇನೇ?” ಎಂದು ನಕ್ಕಿದ್ದಳು. ಆಗ ನಾವು ಮೂವರೂ ನಕ್ಕೆವು.

ಅಕ್ಕನ ಗಂಟಲು ಕೆಟ್ಟದ್ದು ಮಗಳಿಗೆ ಮೂರು ತುಂಬಿದ ಮೇಲೆ. ಮೊದಲು ಮೇಲಿನ ಸ್ವರ ಹೋಯಿತು, ಆಮೇಲೆ ಒಣ ಕೆಮ್ಮು ಶುರುವಾಯಿತು. ಹಾಡುವವರಿಗೆ ಇದೆಲ್ಲ ಇದ್ದದ್ದೇ ಎಂದು ಶುಂಠಿ, ಜೇನುತುಪ್ಪ, ಅತಿಮಧುರದಲ್ಲಿ ತಿಂಗಳುಗಳು ಕಳೆದವು. ದೊಡ್ಡ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಡಾಕ್ಟರು ಸುತ್ತುಬಳಸದೆ ಹೇಳಿದರು: ಕ್ಯಾನ್ಸರ್, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ. ಎಲೆ ಅಡಿಕೆ ಕೂಡ ಹಾಕದವಳಿಗೆ ಯಾಕೆ ಬಂತು ಎಂದು ನಾನು ಜಗಳಕ್ಕೆ ಬಿದ್ದವಳಂತೆ ಕೇಳಿದೆ. ಹೊರಗೆ ಬಂದ ಮೇಲೆ ಅಕ್ಕ ಕೇಳಿದ್ದು ಒಂದೇ ಮಾತು: “ಮಗೂನ ಯಾರೇ ಮಲಗಿಸ್ತಾರೆ?”

ಅದು ಸಣ್ಣ ಮಾತಾಗಿರಲಿಲ್ಲ. ಆ ಹುಡುಗಿ ಹುಟ್ಟಿದಾಗಿನಿಂದ ಅಮ್ಮನ ಜೋಗುಳ ಕೇಳದೆ ಕಣ್ಣು ಮುಚ್ಚಿದವಳೇ ಅಲ್ಲ. ನಮ್ಮಮ್ಮ ನಮ್ಮಿಬ್ಬರಿಗೆ ಹೇಳುತ್ತಿದ್ದ ಹಾಡು ಅದು. ಅಕ್ಕ ಅದರ ಕೊನೆಗೆ ತನ್ನದೇ ಒಂದು ಸಾಲು ಸೇರಿಸಿ, ಮಗಳ ಮುದ್ದಿನ ಹೆಸರು ಹಿಡಿದು ಕರೆಯುತ್ತಿದ್ದಳು. ಹೆಸರು ಬರುವ ಹೊತ್ತಿಗೆ ಮಗು ನಿದ್ದೆಹೋಗಿರುತ್ತಿತ್ತು. ಭಾವ ಹೆಂಡತಿಯ ಕೈ ಹಿಡಿದುಕೊಂಡು, “ರೆಕಾರ್ಡ್ ಮಾಡಿ ಇಟ್ಬಿಡೋಣ. ದಿನಾ ಅದನ್ನೇ ಹಾಕೋಣ,” ಎಂದರು. ಅವರು ಮದುವೆಯಾದಾಗಿನಿಂದ ಆಡಿದ ಮಾತುಗಳಲ್ಲೆಲ್ಲ ನನಗೆ ಬಹಳ ಇಷ್ಟವಾದ ಮಾತು ಅದು.

ಆಸ್ಪತ್ರೆಗೆ ಸೇರುವ ಮುಂಚಿನ ಭಾನುವಾರ ಯಲಹಂಕದ ಅವರ ಮನೆಯಲ್ಲಿ ರೆಕಾರ್ಡಿಂಗ್. ಎರಡು ಕೋಣೆಯ ಮನೆ, ಹಿಂದೆಯೇ ರೈಲ್ವೆ ಹಳಿ. ರೈಲು ಹೋದ ಮೇಲೆ ಶುರು ಮಾಡಬೇಕು, ಇನ್ನೊಂದು ರೈಲು ಬರುವುದರೊಳಗೆ ಮುಗಿಸಬೇಕು. ನಡುವೆ ವಾಯುನೆಲೆಯ ವಿಮಾನವೊಂದು ತಲೆ ಮೇಲೆ ಗುಡುಗಿಕೊಂಡು ಹೋದರೆ ಮತ್ತೆ ಮೊದಲಿನಿಂದ. ಫ್ಯಾನ್ ಆರಿಸಿ, ಕಿಟಕಿಗೆ ರಗ್ಗು ಕಟ್ಟಿ, ಬೆವರಿಳಿಸಿಕೊಂಡು ಕೂತಿದ್ದೆವು. ಅಕ್ಕ ಕೆಳಗಿನ ಶ್ರುತಿಯಲ್ಲಿ ಹಾಡಿದಳು. ದನಿ ಒರಟಾಗಿತ್ತು, ಆದರೂ ಅವಳದೇ ದನಿ. ಹೆಸರು ಕರೆಯುವ ಸಾಲಿಗೆ ಬಂದಾಗ ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ, ಅಳು ಮೈಕಿಗೆ ಬೀಳಬಾರದಲ್ಲ.

ಅವಳ ದನಿ ಆದ ಮೇಲೆ ಭಾವ ಕೀಬೋರ್ಡ್ ನುಡಿಸಿದರು. ಅದನ್ನು ಫೋನಿಗೆ ಜೋಡಿಸುವ ವೈರು ಕೈಕೊಟ್ಟಿತ್ತು. ಹಾಗಾಗಿ ಕೀಬೋರ್ಡಿನ ಸ್ಪೀಕರಿನ ಮುಂದೆ ಫೋನ್ ಇಟ್ಟು ಸುಮ್ಮನೆ ಕೂರಿ ಎಂದು ನಮಗೆ ಸನ್ನೆ ಮಾಡಿದರು. ಕೊನೆಯ ಸ್ವರಕ್ಕೆ ಸರಿಯಾಗಿ ಅಕ್ಕನಿಗೆ ತಡೆಯಲಾರದೆ ಕೆಮ್ಮು ಬಂತು. ಒಂದಲ್ಲ, ಎರಡು ಸಲ.

“ಛೆ, ಇನ್ನೊಂದ್ಸಲ ನುಡಿಸಿ ಭಾವ,” ಎಂದೆ. “ಮಗು ದಿನಾ ಕೇಳೋದು. ಕೆಮ್ಮು ಯಾಕೆ ಬೇಕು ಅದ್ರಲ್ಲಿ?”

“ಕೊನೇಲಿದೆ ಬಿಡು, ಕಟ್ ಮಾಡ್ತೀನಿ,” ಎಂದರು. ಅಷ್ಟರಲ್ಲಿ ರೈಲು ಬಂತು.

ಮಾರನೆಯ ಸಂಜೆ ಅಕ್ಕ ಮಗುವನ್ನು ಅಮೃತಹಳ್ಳಿಯ ನಮ್ಮ ಮನೆಗೆ ಬಿಡಲು ಬಂದಳು. ನಾನೂ ಅಮ್ಮನೂ ಇದ್ದ ಬಾಡಿಗೆ ಮನೆ ಅದು. ಜೊತೆಗೆ ಬಂದ ಭಾವ ಜೇಬಿನಿಂದ ಪೆನ್‌ಡ್ರೈವ್ ತೆಗೆದು ನನ್ನ ಕೈಗಿಟ್ಟರು. ಆ್ಯಪಿನಲ್ಲೇ ಕೊಳಲು, ತಾಳ ಸೇರಿಸಿ ಬಸ್ಸಿನಲ್ಲಿ ಕೂತು ಎಕ್ಸ್‌ಪೋರ್ಟ್ ಮಾಡಿದ್ದರಂತೆ, ಶುರುವಿನ ಕೊಳಲಷ್ಟನ್ನೇ ಹಾಕಿ ನೋಡಿದ್ದರಂತೆ, ಅದು ಸರಿಯಾಗಿ ಕೇಳುತ್ತಿತ್ತಂತೆ. ನಾನು ಅದನ್ನು ಪುಟ್ಟ ಸ್ಪೀಕರಿಗೆ ಸಿಕ್ಕಿಸಲು ಹೋದೆ. ಅಮ್ಮ ಓಡಿಬಂದು ಕೈ ಹಿಡಿದುಕೊಂಡಳು.

“ಅವಳು ಎದುರಿಗೇ ಕೂತಿರೋವಾಗ ಹಾಕ್ಬೇಡ ಕಣೇ. ಹೋದೋರ ದನಿ ಕೇಳ್ದಂಗಾಗುತ್ತೆ. ಅಪಶಕುನ.”

ನಮ್ಮ ಅಜ್ಜ ಸತ್ತಾಗ ಹನ್ನೊಂದನೆಯ ದಿನ ಯಾರೋ ಅವರ ಹಳೆಯ ಕ್ಯಾಸೆಟ್ ಹಾಕಿದ್ದರು. ಅವತ್ತಿನಿಂದ ಅಮ್ಮನಿಗೆ ಡಬ್ಬದಲ್ಲಿ ಮನೆಯವರ ದನಿ ಎಂದರೆ ಸಾವು. ಇಂಥದ್ದಕ್ಕೆಲ್ಲ ಸೊಪ್ಪು ಹಾಕುವವಳಲ್ಲ ನಾನು, ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ. ಆದರೆ ಅಕ್ಕ, “ಬಿಡೇ, ಅಮ್ಮ ಹೇಳಿದ್ಹಾಗೇ ಆಗ್ಲಿ,” ಎಂದಳು. ಪೆನ್‌ಡ್ರೈವ್ ದೇವರ ಗೂಡಿನ ಪಕ್ಕ ಕೂತಿತು.

ಮರುದಿನ ಅಕ್ಕ ಆಸ್ಪತ್ರೆಗೆ ಸೇರಿದಳು. ಆವತ್ತು ಮಧ್ಯಾಹ್ನ ವಾರ್ಡಿನಿಂದಲೇ ಫೋನಿನಲ್ಲಿ ಹಾಡಿ ಮಗಳನ್ನು ಮಲಗಿಸಿದಳು. ಫೋನು ಮಗುವಿನ ಕಿವಿಗೆ ಒತ್ತಿಕೊಂಡಿತ್ತು, ಹಿಡಿದುಕೊಂಡಿದ್ದ ನನಗೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಮಾತ್ರ ಕೇಳಿಸಿತು. ಅವಳು ಹಾಡಿದ್ದು ಅದೇ ಕೊನೆ.

ಅದರ ಮಾರನೆಯ ಬೆಳಿಗ್ಗೆ ಆಪರೇಷನ್. ಮಧ್ಯಾಹ್ನ ಊಟ ಮಾಡಿಸಿ ಮಗುವನ್ನು ಚಾಪೆಯ ಮೇಲೆ ಮಲಗಿಸಿಕೊಂಡೆ. “ಅಮ್ಮ ಈಗ ಇಲ್ಲಿಂದ ಹಾಡ್ತಾಳೆ, ನೋಡು,” ಎಂದು ಸ್ಪೀಕರ್ ಹಾಕಿದೆ. ಕೊಳಲು ಬಂತು. ಹಿಂದೆ ಕೀಬೋರ್ಡ್ ಬಂತು. ಮಗು ಕಣ್ಣು ಮುಚ್ಚಿತು. ಅಕ್ಕ ಎತ್ತಿಕೊಳ್ಳಬೇಕಾದ ಜಾಗ ಬಂತು, ಹೋಯಿತು. ಕೊಳಲು ಅವಳಿಗೆ ದಾರಿ ಬಿಟ್ಟು ನಿಂತಿತ್ತು. ತಾಳ ಮಾತ್ರ ನಡೆಯುತ್ತಲೇ ಇತ್ತು. ಮಗು ಕಣ್ಣು ತೆರೆದು ನನ್ನನ್ನು ನೋಡಿತು.

“ಅಮ್ಮ ಹಾಡ್ತಾನೇ ಇಲ್ಲ ಚಿಕ್ಕಮ್ಮ.”

ಹಾಡನ್ನು ಮುಂದಕ್ಕೆ ಓಡಿಸಿ ಎರಡು ಮೂರು ಕಡೆ ಕೇಳಿ ನೋಡಿದೆ. ಹೊರಗೆ ಬಂದು ಭಾವನಿಗೆ ಫೋನ್ ಮಾಡಿದೆ.

“ಇದ್ರಲ್ಲಿ ಅಕ್ಕನ ದನಿ ಇಲ್ಲ ಭಾವ.”

“ಇರುತ್ತಮ್ಮ. ಶುರೂಲಿ ಬರೀ ಮ್ಯೂಸಿಕ್ಕು. ಮುಂದೆ ಓಡ್ಸಿ ನೋಡು.”

“ಓಡ್ಸಿದೆ. ಎರಡು ಮೂರು ಕಡೆ ನೋಡಿದೆ. ಎಲ್ಲೂ ಇಲ್ಲ.”

“ಅಯ್ಯೋ ದೇವ್ರೇ. ಎಮ್ ಒತ್ಬಿಟ್ಟೆ. ಎಲ್ಲದಕ್ಕೂ ಒತ್ತೋ ಹಾಗೆ ಒತ್ಬಿಟ್ಟೆ.”

“ಫೋನಲ್ಲಿ ಇದ್ಯಲ್ಲ, ಇನ್ನೊಂದ್ಸಲ ಎಕ್ಸ್‌ಪೋರ್ಟ್ ಮಾಡಿ.”

“ನಿನ್ನೆ ಸ್ಕ್ಯಾನಿಂದು ಫೋಟೋ ತೆಗೀಬೇಕಿತ್ತು. ಜಾಗ ಸಾಲ್ಲಿಲ್ಲ. ಹೇಗೂ ಎಕ್ಸ್‌ಪೋರ್ಟ್ ಆಗಿದ್ಯಲ್ಲ ಅಂತ...”

“ಹಾಗಾದ್ರೆ ಅಕ್ಕನ ಕೈಲಿ ಈಗ್ಲೇ ಹಾಡಿಸಿ, ಎರಡು ನಿಮಿಷ ಸಾಕು.” ಹೊತ್ತಿನ ಅರಿವೇ ಇರಲಿಲ್ಲ ನನಗೆ.

“ಒಳಗೆ ಕರ್ಕೊಂಡ್ ಹೋಗಿ ಎಷ್ಟೊತ್ತಾಯ್ತಮ್ಮ.”

ನಾನು ಆ ಮನುಷ್ಯನನ್ನು ಏನೇನು ಬೈದೆನೋ ಇಲ್ಲಿ ಬರೆಯಲಾರೆ. ಹೆಂಡತಿಯನ್ನು ಆಪರೇಷನ್ ಥಿಯೇಟರಿಗೆ ಕಳಿಸಿ ಬಾಗಿಲಲ್ಲಿ ನಿಂತಿದ್ದವರು ಎಲ್ಲವನ್ನೂ ಕೇಳಿಸಿಕೊಂಡರು. ಫೋನ್ ಇಟ್ಟು ಒಳಗೆ ಬಂದು ಅಮ್ಮನ ಮೇಲೆ ಬಿದ್ದೆ. “ನಿನ್ನ ಶಕುನಕ್ಕಿಷ್ಟು ಬೆಂಕಿ ಹಾಕ. ಅವತ್ತು ಕೇಳಿದ್ದಿದ್ರೆ ಗೊತ್ತಾಗ್ತಿತ್ತಲ್ಲ!” ಎಂದು ಕೂಗಾಡಿದೆ. ಅಮ್ಮ ಮಗುವಿನ ಪಕ್ಕ ಕೂತು, ತಾನೇ ಕಲಿಸಿದ ಆ ಹಾಡನ್ನು ತನ್ನ ಮುದಿ ದನಿಯಲ್ಲಿ ಶುರು ಮಾಡಿದಳು. ಮಗು ಅಜ್ಜಿಯ ಬಾಯಿ ಮೇಲೆ ಹೊಡೆಯಿತು. ಅತ್ತು ಅತ್ತು ಸುಸ್ತಾಗಿ ಸಂಜೆ ಹೊತ್ತಿಗೆ ನಿದ್ದೆಹೋಯಿತು. ಮುಂದೆ ಬಹಳ ದಿನ ಅವಳು ಮಲಗಿದ್ದು ಹಾಗೆಯೇ.

ಆಪರೇಷನ್ ಆದ ವಾರದಲ್ಲಿ ಪೆನ್‌ಡ್ರೈವನ್ನು ಭಾವನ ಮುಂದೆ ಎಸೆದು, ಅವರ ಫೋನ್ ಕಸಿದುಕೊಂಡು ಆರ್.ಟಿ. ನಗರದ ಒಂದು ರಿಪೇರಿ ಅಂಗಡಿಗೆ ಹೋದೆ. ಅಳಿಸಿದ ಫೈಲುಗಳನ್ನು ಎತ್ತಿಕೊಡುತ್ತೇವೆ ಎಂಬ ಬೋರ್ಡಿತ್ತು ಅಲ್ಲಿ. ಅಂಗಡಿಯವನು ಫೋನನ್ನು ಕಂಪ್ಯೂಟರಿಗೆ ಹಾಕಿ ಬಹಳ ಹೊತ್ತು ಹುಡುಕಿದ. ಹೆಸರಿಲ್ಲದ ಚೂರುಗಳು ಸಿಕ್ಕವು. ಯಾವುದನ್ನು ಒತ್ತಿದರೂ ಬರೀ ಚರಚರ ಸದ್ದು. “ಬರಲ್ಲ ಮೇಡಂ. ಆ ಜಾಗದ ಮೇಲೆ ಬೇರೆ ಫೈಲ್ ಕೂತ್ಬಿಟ್ಟಿದೆ,” ಎಂದ. ಯಾವ ಫೈಲು ಎಂದು ಕೇಳಿದೆ. ಆಮೇಲೆ ತೆಗೆದ ಫೋಟೋಗಳು, ಎಂದ. ಪರದೆಯ ಮೇಲೆ ತೋರಿಸಿದ. ಎಲ್ಲವೂ ಅಕ್ಕನ ಗಂಟಲಿನ ಸ್ಕ್ಯಾನುಗಳು.

ವೇದಿಕೆಯ ಮೇಲೆ ಹಾಡಿದ ವಿಡಿಯೋ ಇಲ್ಲವೇ ಎಂದು ಜನ ಕೇಳುತ್ತಾರೆ. ಇದ್ದವು ಒಂದೆರಡು. ಅವುಗಳಲ್ಲಿ ಶಿಳ್ಳೆ, ಪಟಾಕಿ, ಸ್ಪೀಕರಿನ ಕಿರುಚಾಟ. ಹಾಡುತ್ತಿರುವುದು ಅಕ್ಕ ಎಂದು ನಾವೇ ಹೇಳಬೇಕು. ಅವೂ ಆ ಹಳೆಯ ಫೋನಿನ ಜೊತೆಗೇ ಹೋದವು.

ಅಕ್ಕ ಬದುಕಿದಳು. ಉಸಿರಾಡಲೆಂದು ಕತ್ತಿನಲ್ಲಿ ಮಾಡಿದ ತೂತಿಗೆ ಬಟ್ಟೆ ಕಟ್ಟಿಕೊಂಡು ತರಕಾರಿ ತರುತ್ತಾಳೆ, ಮಗಳ ಜಡೆ ಹಾಕುತ್ತಾಳೆ, ನನ್ನನ್ನು ಕಣ್ಣಿನಲ್ಲೇ ಬೈಯುತ್ತಾಳೆ. ತುಟಿ ಅಲ್ಲಾಡಿಸಿದರೆ ಮನೆಯವರಿಗೆಲ್ಲ ಅರ್ಥವಾಗುತ್ತದೆ. ಗಂಡನನ್ನು ಆ ವಿಷಯ ಎತ್ತಿ ಒಂದು ದಿನವೂ ಚುಚ್ಚಲಿಲ್ಲ. ಭಾವ ಆರ್ಕೆಸ್ಟ್ರಾ ಬಿಟ್ಟುಬಿಟ್ಟರು. ಕೀಬೋರ್ಡನ್ನು ಮಂಚದ ಕೆಳಗೆ ತಳ್ಳಿದರು. ನಾನು ಅವರ ಜೊತೆ ಮೊದಲಿನಂತೆ ಮಾತಾಡಲು ವರ್ಷಗಳೇ ಬೇಕಾದವು, ಈಗಲೂ ಪೂರ್ತಿ ಮಾತಾಡುತ್ತೇನೆಂದು ಹೇಳಲಾರೆ.

ಹೋದ ತಿಂಗಳು, ಎಂದರೆ ಆ ಹುಡುಗಿಗೆ ಎಂಟು ನಡೆಯುತ್ತಿರುವಾಗ, ಸ್ಕೂಲಿನ ಕೆಲಸಕ್ಕೆಂದು ಪೆನ್‌ಡ್ರೈವ್ ಹುಡುಕುತ್ತ ಅವಳು ಭಾವನ ಹಳೆಯ ಬಿಸ್ಕತ್ ಡಬ್ಬ ತೆಗೆದಳು. ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅಕ್ಕ ಬಟಾಣಿ ಸುಲಿಯುತ್ತಿದ್ದಳು. ಹುಡುಗಿ ಸಿಕ್ಕಿದ್ದನ್ನು ಟಿವಿಗೆ ಸಿಕ್ಕಿಸಿದಳು. ಕೊಳಲು ಬಂತು. ನಾನು ತಿರುಗಿ ಭಾವನನ್ನು ನೋಡಿದೆ. ಅವರು ಅನ್ನದ ಮೇಲೆ ಕೈಯಿಟ್ಟವರು ಹಾಗೇ ಕೂತಿದ್ದರು.

ಹಾಡು ಪೂರ್ತಿ ನಡೆಯಿತು. ದನಿಯ ಜಾಗಗಳೆಲ್ಲ ಖಾಲಿ ಖಾಲಿ ಬಂದು ಹೋದವು. ಕೊನೆಯ ಸ್ವರ ಇಳಿಯುತ್ತಿದ್ದ ಹಾಗೆ ಯಾರೋ ಕೆಮ್ಮಿದರು. ಒಂದಲ್ಲ, ಎರಡು ಸಲ. ಹೆಂಗಸಿನ ದನಿಯ ಕೆಮ್ಮು. ಕೀಬೋರ್ಡಿನ ಪಟ್ಟಿಯಲ್ಲಿ ಸೇರಿದ್ದ ಅದನ್ನು ಭಾವ ಕಟ್ ಮಾಡಿರಲೇ ಇಲ್ಲ.

“ಯಾರಪ್ಪಾ ಅದು ಕೆಮ್ಮಿದ್ದು?” ಎಂದು ಹುಡುಗಿ ನಗುತ್ತ ತಿರುಗಿದಳು.

ಅಕ್ಕ ಬಟಾಣಿಯ ತಟ್ಟೆಯನ್ನು ಪಕ್ಕಕ್ಕಿಟ್ಟು, ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು.

ಹುಡುಗಿಯ ನಗು ನಿಂತಿತು. ಅವಳು ಟಿವಿಯ ಹತ್ತಿರ ಹೋಗಿ ಕೂತು, ರಿಮೋಟ್ ಒತ್ತಿ ಸ್ವಲ್ಪ ಹಿಂದಕ್ಕೆ ಓಡಿಸಿದಳು. ಕೆಮ್ಮು ಬಂತು. ಮತ್ತೆ ಹಿಂದಕ್ಕೆ ಓಡಿಸಿದಳು. ಮತ್ತೆ ಬಂತು. ಆಮೇಲೆ ಕಿವಿಯನ್ನೇ ಟಿವಿಗೆ ಒತ್ತಿಕೊಂಡು, “ಅಮ್ಮಾ, ನಿನ್ನ ದನಿ ಹಿಂಗಿತ್ತಾ?” ಎಂದು ಕೇಳಿದಳು.

ಅಕ್ಕ ಹೌದೆಂದು ತಲೆಯಾಡಿಸಿದಳು.