ಸಭೆಗೆ ಮೊದಲೇ ಬರೆದ ನಡಾವಳಿ

ನನ್ನ ಮನೆ ಬೀದರಿನ ಚಿದ್ರಿಯಲ್ಲಿ. ನೌಕರಿ ಮಾತ್ರ ಜಿಲ್ಲೆಯ ಒಂದು ಸಣ್ಣ ಪುರಸಭೆಯಲ್ಲಿ, ಬಸ್ಸಿಗೆ ಒಂದು ತಾಸಿನ ದಾರಿ. ಊರಿನ ಹೆಸರು ಬೇಡ. ಹೇಳಿದರೆ ಅಲ್ಲಿಯವರು ಸಿಟ್ಟಾಗುತ್ತಾರೆ. ಹೇಳದಿದ್ದರೆ ಉಳಿದ ಊರಿನವರು ತಮ್ಮದೇ ಇರಬೇಕು ಅಂದುಕೊಂಡು ಸುಮ್ಮನಿರುತ್ತಾರೆ.

ಅಲ್ಲಿ ನಾನು ಸಭಾ ವಿಭಾಗದ ಗುಮಾಸ್ತೆ. ಸದಸ್ಯರಿಗೆ ಸಭೆಯ ನೋಟಿಸು ಕಳಿಸುವುದು, ಯಾವ ವಿಷಯದ ಹಿಂದೆ ಯಾವ ವಿಷಯ ಬರಬೇಕು ಎಂದು ಪಟ್ಟಿ ಮಾಡುವುದು, ಸಭೆ ಏನು ತೀರ್ಮಾನ ಮಾಡಿತು ಎಂದು ನಡಾವಳಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಈಗ ನೋಟಿಸು ವಾಟ್ಸಾಪಿನಲ್ಲಿ ಹೋಗುತ್ತದೆ. ನಡಾವಳಿಯನ್ನು ಮಾತ್ರ ಕೈಯಲ್ಲೇ ಬರೆಯಬೇಕು. ಅದನ್ನು ನಾನು ಸಭೆಯ ಹಿಂದಿನ ದಿನವೇ ಬರೆದು ಮುಗಿಸುತ್ತಿದ್ದೆ.

ಕೇಳಿದವರಿಗೆ ವಿಚಿತ್ರ ಅನಿಸಬಹುದು, ನಮಗೆ ಅನಿಸುತ್ತಿರಲಿಲ್ಲ. ನನಗಿಂತ ಮೊದಲು ಆ ಟೇಬಲ್ಲಿನಲ್ಲಿ ಕೂತವರು ಹಾಗೇ ಮಾಡುತ್ತಿದ್ದರು, ನನಗೂ ಹಾಗೇ ಕಲಿಸಿದರು. ಡಾಂಬರು ಯಾರ ಪಾಲಿಗೆ, ಕಸದ ಗಾಡಿ ಯಾರ ಪಾಲಿಗೆ, ಬೀದಿದೀಪ ಯಾರ ಪಾಲಿಗೆ ಎಂಬುದೆಲ್ಲ ಅಧ್ಯಕ್ಷರ ಮನೆಯ ಕಟ್ಟೆಯ ಮೇಲೆ ಮೊದಲೇ ಬಗೆಹರಿದಿರುತ್ತಿತ್ತು. ಮುಖ್ಯಾಧಿಕಾರಿ ನನಗೊಂದು ಚೀಟಿ ಕಳಿಸುತ್ತಿದ್ದರು. ನಾನು ‘ಸಭೆಯು ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ಒಪ್ಪಿಗೆ ನೀಡಿತು’ ಎಂದು ಬರೆಯುತ್ತಿದ್ದೆ. ಸುದೀರ್ಘ ಅಂದರೆ ಒಂದು ಕಪ್ ಚಹಾ ಆರುವಷ್ಟು. ಸದಸ್ಯರು ಬಾಗಿಲಲ್ಲೇ ಪುಟದ ಕೆಳಗೆ ಸಹಿ ಹಾಕಿ ಒಳಗೆ ಹೋಗುತ್ತಿದ್ದರು. ಹಾಜರಿಗೂ ಅದೇ ಸಹಿ, ಒಪ್ಪಿಗೆಗೂ ಅದೇ ಸಹಿ. ಮೇಲೆ ಏನು ಬರೆದಿದೆ ಎಂದು ಯಾರೂ ಓದುತ್ತಿರಲಿಲ್ಲ. ಎಲ್ಲರ ಕಣ್ಣೂ ಚುರುಮುರಿಯ ಸುಸಲಾ ಮತ್ತು ಮಿರ್ಚಿ ಭಜಿಯ ಕಡೆಗೆ. ತಪಾಸಣೆಗೆ ಬಂದವರು ನನ್ನ ಅಕ್ಷರ ಮುತ್ತಿನಂತಿದೆ ಎಂದು ಹೊಗಳಿದ್ದರು. ಅದರ ಹೆಮ್ಮೆ ನನಗಿತ್ತು, ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆ ಊರಿನ ಸಂತೆಯ ಮೂಲೆಯಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯ ಕಟ್ಟಿದ್ದರು. ಬಣ್ಣ ಬಳಿದು, ರಿಬ್ಬನ್ನು ಕತ್ತರಿಸಿ, ಫೋಟೋ ತೆಗೆಸಿಕೊಂಡು, ಅದೇ ದಿನ ಬೀಗ ಹಾಕಿದ್ದರು. ನಡೆಸುವ ಗುತ್ತಿಗೆಯನ್ನು ಯಾರಿಗೂ ಕೊಟ್ಟಿರಲಿಲ್ಲ. ಟೆಂಡರು ಕರೆದಾಗ ಒಂದು ಮಹಿಳಾ ಸಂಘ ಬಿಟ್ಟರೆ ಯಾರೂ ಬರಲಿಲ್ಲ. ಒಂದೇ ಅರ್ಜಿ ಸಾಲದು ಎಂದು ಮತ್ತೊಮ್ಮೆ ಕರೆದರು, ಮತ್ತೆ ಅದೇ ಸಂಘ ಬಂತು. ಸಭೆ ಹೂಂ ಅಂದರೆ ಅವರಿಗೇ ಕೊಡಬಹುದಿತ್ತು. ಆದರೆ ಆ ಮೂಲೆಯಲ್ಲಿ ಅಂಗಡಿ ಮಳಿಗೆ ಎದ್ದರೆ ಚಲೋ ಎಂದು ಇಬ್ಬರು ಮೂವರು ಸದಸ್ಯರ ಕಣ್ಣು. ಹಾಗಾಗಿ ಪ್ರತಿ ಸಭೆಗೂ ಆ ವಿಷಯ ಪಟ್ಟಿಯ ಕಟ್ಟಕಡೆಗೆ ಬರುತ್ತಿತ್ತು, ನಾನು ಅದರ ಮುಂದೆ ‘ಮುಂದಿನ ಸಭೆಗೆ ಮುಂದೂಡಲಾಯಿತು’ ಎಂದು ಬರೆಯುತ್ತಿದ್ದೆ.

ಎಷ್ಟು ಸಲ ಬರೆದೆನೋ ನೆನಪಿಲ್ಲ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರು ಹೋಗಲು ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ, ನಮ್ಮ ಕಡೆಯ ಆ ಬಿಸಿಲಿನಲ್ಲಿ, ಮುಂಜಾನೆಯಿಂದ ಹೊತ್ತು ಮುಳುಗುವವರೆಗೆ ನೀರು ಕುಡಿಯದೆ ಕೂರುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಕಚೇರಿಯ ಶೌಚಾಲಯದ ಕೀಲಿ ನನ್ನ ಡ್ರಾಯರಿನಲ್ಲೇ ಇರುತ್ತಿತ್ತು.

ಸಂತೆಯ ವಾರ್ಡಿನಿಂದ ಗೆದ್ದವಳು ಅದೇ ಸಂತೆಯಲ್ಲಿ ಪುಂಡಿಪಲ್ಯ, ಮೆಂತ್ಯದಂಥ ಸೊಪ್ಪು ಮಾರುವ ಹೆಂಗಸು. ಗೆದ್ದದ್ದು ಆಕೆ, ಸಭೆಗೆ ಬರುತ್ತಿದ್ದದ್ದು ಆಕೆಯ ಗಂಡ. ಆಕೆಯ ಹೆಸರಿನ ಸಹಿಯನ್ನು ಅವನೇ ಹಾಕುತ್ತಿದ್ದ, ಭಜಿಯನ್ನೂ ಅವನೇ ತಿನ್ನುತ್ತಿದ್ದ. ಪುಸ್ತಕವನ್ನು ಅವನ ಮುಂದೆ ಸರಿಸುತ್ತಿದ್ದವಳು ನಾನೇ. ಒಂದು ಸಲ ಅವನ ಕಾಲು ಉಳುಕಿತು, ಆಕೆಯೇ ಬಂದಳು. ನಮ್ಮ ಪುರಸಭೆಗೆ ಪ್ರಜಾಪ್ರಭುತ್ವ ಬಂದದ್ದು ಹೀಗೆ, ಒಂದು ಉಳುಕಿದ ಕಾಲಿನಿಂದ.

ಆಕೆಯೂ ಎಲ್ಲರಂತೆ ಬಾಗಿಲಲ್ಲಿ ತೋರಿಸಿದ ಕಡೆ ಸಹಿ ಹಾಕಿ ಒಳಗೆ ಹೋಗಿ ಕೂತಳು. ವಿಷಯಗಳು ಒಂದೊಂದಾಗಿ ಸರಸರನೆ ಹೋದವು. ಕೊನೆಯದಕ್ಕೆ ಬಂದಾಗ ಅಧ್ಯಕ್ಷರು ಕುರ್ಚಿ ಹಿಂದೆ ಸರಿಸಿ ಏಳುವುದರಲ್ಲಿದ್ದರು. ಆಕೆ ಎದ್ದು ನಿಂತಳು.

“ಜರಾ ನಿಂದರ್ರಿ. ಸಂತ್ಯಾಗ ಹೆಣ್ಮಕ್ಕಳು ಎಲ್ಲಿಗಿ ಹೋಗ್ಬೇಕ್ರಿ? ನಿಮಗೇನ್ರಿ, ಗ್ವಾಡಿ ಕಂಡಲ್ಲಿ ನಿಂದರ್ತೀರಿ. ಇವತ್ತ ಇದರದೊಂದು ಫೈಸಲಾ ಆಗ್ಲಿ.”

ಕೆಲವರು ನಕ್ಕರು, ಆಕೆ ನಗಲಿಲ್ಲ. ಕೂರಲೂ ಇಲ್ಲ. ಪಕ್ಕದ ಕೋಣೆಯಿಂದ ಭಜಿಯ ವಾಸನೆ ಬರುತ್ತಿತ್ತು. ಅಧ್ಯಕ್ಷರಿಗೆ ಹಸಿವಾಗಿತ್ತು ಎಂದು ಕಾಣುತ್ತದೆ. “ಆತವ್ವ, ಆ ಸಂಘಕ್ಕೇ ಕೊಡೂಣು. ಏನ್ರಪಾ, ಮಂಜೂರ್?” ಅಂದರು. “ಮಂಜೂರ್, ಮಂಜೂರ್” ಎನ್ನುತ್ತ ಎಲ್ಲರೂ ಎದ್ದರು. ಮಳಿಗೆಯ ಮೇಲೆ ಕಣ್ಣಿಟ್ಟವರೂ ಮಂಜೂರ್ ಅಂದರು.

ಅವರು ತಿಂಡಿಗೆ ಹೋದರು, ಆಕೆ ನನ್ನ ಟೇಬಲ್ಲಿಗೆ ಬಂದಳು. “ಏನ್ ಬರದೀರಿ, ಓದ್ರಿ ಅಕ್ಕಾರ” ಅಂದಳು. ಯಾರೂ ಹಾಗೆ ಕೇಳಿದ್ದೇ ಇರಲಿಲ್ಲ. ನಾನು ರೂಢಿಯ ಮೇಲೆ ಪುಟದಲ್ಲಿದ್ದದ್ದನ್ನು ಓದಿಬಿಟ್ಟೆ: ‘ಮುಂದೂಡಲಾಯಿತು.’ ಓದಿದ ಮೇಲೆ ಎಚ್ಚರವಾಯಿತು.

“ಮಂಜೂರ್ ಅಂದ್ರಲ್ರಿ ಎಲ್ಲಾರು. ನೀವೂ ಇಲ್ಲೇ ಕುಂತಿದ್ರಿ.”

“ಪುಟ ಮುಗದದವ್ವ. ಎಲ್ಲಾರ ದಸ್ಕತ್ ಬಿದ್ದಾವ. ಈಗ ತಿದ್ದಲಿಕ್ಕ ಬರಲ್ಲ.”

“ನಂದೂ ಬಿದ್ದದೇನ್ರಿ ಇದರ ಕೆಳಗ?”

ಬಿದ್ದಿತ್ತು. ಆಕೆ ತನ್ನ ಸಹಿಯ ಮೇಲೆ ಬೆರಳಿಟ್ಟಳು, ತೆಗೆಯಲಿಲ್ಲ. ನನಗೆ ಆಕೆ ಬೇಗ ಹೋದರೆ ಸಾಕಾಗಿತ್ತು. ಸಾಗಹಾಕಲು ಒಂದು ಉಪಾಯ ಹೊಳೆಯಿತು. ಬೇರೆ ಹಾಳೆ ತೆಗೆದು, ಸಭೆಯಲ್ಲಿ ನಿಜವಾಗಿ ಆದದ್ದನ್ನೇ ಬರೆದು ಕೊಟ್ಟೆ. ಇದಕ್ಕೆ ಇಪ್ಪತ್ತಮೂರೂ ಸದಸ್ಯರ ಸಹಿ ತಂದರೆ ಇದೇ ನಡಾವಳಿ ಅಂದೆ. ಇಪ್ಪತ್ತಮೂರು ಜನರನ್ನು ಸಭೆಗೆ ಕೂಡಿಸುವುದಕ್ಕೇ ನಮಗೆ ಮಿರ್ಚಿ ಭಜಿ ಬೇಕಾಗುತ್ತದೆ, ಈಕೆಗೆ ಎಲ್ಲಿ ಸಿಗುತ್ತಾರೆ? ಆಕೆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಹೋದಳು. ಪೀಡೆ ತೊಲಗಿತು ಅಂದುಕೊಂಡೆ. ಅಂದುಕೊಂಡದ್ದು ನಿಜ, ಮುಚ್ಚಿಡುವುದಿಲ್ಲ.

ಭಾನುವಾರ ಇಳಿಹೊತ್ತಿಗೆ ಚಿದ್ರಿಯ ನನ್ನ ಮನೆಯ ಬಾಗಿಲು ತಟ್ಟಿದಳು. ವಿಳಾಸ ಕಚೇರಿಯ ಜವಾನನಿಂದ ಸಿಕ್ಕಿತಂತೆ. ಹಾಳೆಯ ತುಂಬ ಸಹಿಗಳು. ಒಬ್ಬರನ್ನು ಭಾಲ್ಕಿಯಲ್ಲಿ, ತೊಗರಿ ಮಾರಲು ಬಂದಿದ್ದ ಕಡೆ ಹಿಡಿದಳಂತೆ. ಅಧ್ಯಕ್ಷರು ಜೀಪಿನ ಬಾನೆಟ್ಟಿನ ಮೇಲೆ ಇಟ್ಟು ಹಾಕಿದರಂತೆ, ಇನ್ನೊಂದು ಕೈಯಲ್ಲಿ ಫೋನು. ಕೊನೆಯವರು ಅವತ್ತೇ ಔರಾದ ತಾಲ್ಲೂಕಿನ ಎಕಂಬಾದಲ್ಲಿ, ತಮ್ಮ ಹೊಲದಲ್ಲಿ.

“ಯಾರೂ ಬ್ಯಾಡ ಅನ್ಲಿಲ್ಲೇನು?” ಅಂದೆ.

“ಓದಿ ಹೇಳ್ತೇನಿ ಕೇಳ್ರಿ ಅಂದ್ರ, ಅದೆಲ್ಲ ಬ್ಯಾಡವ್ವ, ದಸ್ಕತ್ ಎಲ್ಲಿ ಹಾಕ್ಬೇಕು ಅಷ್ಟ ಹೇಳು ಅಂದ್ರು ಎಲ್ಲಾರು.”

ಓದದೆ ಸಹಿ ಹಾಕುವ ಚಟ ಅವರಿಗೆ ಹಿಡಿಸಿದವರಲ್ಲಿ ನಾನೂ ಒಬ್ಬಳು. ನಗು ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಹಾಳೆಯ ತಳದಲ್ಲಿ ‘ನಡಾವಳಿ ಬರೆದವರು’ ಎಂಬ ಜಾಗ ಖಾಲಿ ಇತ್ತು.

“ನಿಮ್ಮದೊಂದೇ ಉಳದದ ನೋಡ್ರಿ” ಅಂದಳು.

ಪುಸ್ತಕದಲ್ಲಿನ ಹಳೆಯ ಪುಟದ ಕೆಳಗೂ ನನ್ನ ಸಹಿ ಇತ್ತು. ಇದರ ಮೇಲೂ ಹಾಕಿದರೆ ಒಂದೇ ಸಭೆಗೆ ಎರಡು ತೀರ್ಮಾನ, ಎರಡಕ್ಕೂ ನಾನೇ ಸಾಕ್ಷಿ. ಯಾವುದು ಸುಳ್ಳು ಎಂದು ಯಾರಾದರೂ ಕೇಳಿದರೆ ಸದಸ್ಯರನ್ನು ಕೇಳುವುದಿಲ್ಲ, ಗುಮಾಸ್ತೆಯನ್ನು ಕೇಳುತ್ತಾರೆ. ನನಗೆ ಹೆದರಿಕೆಯಾಯಿತು. “ನಾಳಿಗಿ ಆಫೀಸಿಗಿ ಬಾ, ನೋಡೂಣು” ಅಂದೆ. ಮುಂದೂಡುವುದು ಕೈಗೆ ಮಾತ್ರವಲ್ಲ, ನಾಲಗೆಗೂ ರೂಢಿಯಾಗಿತ್ತು.

ಆಕೆ ಹಾಳೆಯನ್ನು ಟೀಪಾಯಿಯ ಮೇಲಿಟ್ಟಳು.

“ಆಗ್ಲಿ ಬಿಡ್ರಿ. ಮೊದ್ಲ ನಿಮ್ಮ ಪಾಯಖಾನಿ ಎಲ್ಲದ ತೋರಸ್ರಿ. ಮುಂಜಾನಿ ಮನಿ ಬಿಟ್ಟೀನಿ, ಇನ್ನಾ ಹೋಗಿಲ್ರಿ.”

ಹಿತ್ತಲ ಬಾಗಿಲು ತೋರಿಸಿದೆ. ಆಕೆ ಬಸ್ಸಿನಲ್ಲಿ ಕೂತು ಕೂತು ಮರಗಟ್ಟಿದ ಕಾಲನ್ನು ಎಳೆಯುತ್ತ, ಗೋಡೆ ಹಿಡಿದುಕೊಂಡು ಅವಸರದಲ್ಲಿ ಹೋದಳು. ಒಳಗಿನಿಂದ ಚಿಲಕ ಹಾಕಿಕೊಂಡದ್ದು ಕೇಳಿಸಿತು. ಸಂತೆಯ ಶೌಚಾಲಯದ ಬೀಗ ತೆಗೆದದ್ದು, ಎರಡೆರಡು ನಡಾವಳಿ ಯಾಕೆ ಎಂದು ನನಗೆ ಕಾರಣ ಕೇಳಿ ನೋಟಿಸು ಬಂದದ್ದು ಎಲ್ಲ ಆಮೇಲಿನ ಮಾತು. ಅವತ್ತು ನಾನು ಪೆನ್ನು ಹುಡುಕಿ, ಆಕೆ ಹೊರಗೆ ಬರುವುದರೊಳಗೆ ಸಹಿ ಹಾಕಿ ಮುಗಿಸಿದೆ. ಆಕೆಯ ಎದುರಿಗೆ ಕೂತು ಹಾಕುವಷ್ಟು ಮುಖ ನನಗಿರಲಿಲ್ಲ.